ಶುಕ್ರವಾರ ಎಣಿಸಿದ ಮನೆಗಳು

ಮನೆಯ ಗೇಟಿಗೆ ಬೀಗ ಬಿದ್ದಿದೆಯೋ ಇಲ್ಲವೋ ಎಂದು ಬರೆದಿಡುವುದು ನನ್ನ ಕೆಲಸವಾಗಿರಲಿಲ್ಲ. ನನ್ನ ಕೆಲಸ ನೆಲ ಅಗೆಸಿ, ಪೈಪು ಹಾಕಿಸಿ, ಮತ್ತೆ ಮುಚ್ಚಿಸುವುದು. ಹನ್ನೊಂದು ಜನರ ತಂಡ, ಒಂದು ಪಿಕಪ್, ಬಾಡಿಗೆಗೆ ತಂದ ಒಂದು ಬಂಡೆ ಒಡೆಯುವ ಯಂತ್ರ. ನಾವು ಹಾಕಿದ ಪೈಪಿನೊಳಗೆ ಆಮೇಲೆ ಬೇರೆಯವರು ಬಂದು ಫೈಬರ್ ಕೇಬಲ್ ಎಳೆಯುತ್ತಾರೆ. ಮನೆಯೊಳಗೆ ಒಂದು ಬಿಳಿ ಡಬ್ಬಿ ಕೂರಿಸುತ್ತಾರೆ. ಅದರಲ್ಲಿ ಹಸಿರು ದೀಪ ಹತ್ತಿತೆಂದರೆ ಆ ಮನೆಗೆ ಇಂಟರ್ನೆಟ್ ಬಂತು ಎಂದರ್ಥ.

ಬೀಗ ಬರೆಯುವ ಚಟ ಹತ್ತಿದ್ದು ಇದಕ್ಕೂ ಹಿಂದೆ ಕೆಲಸ ಮಾಡಿದ ಒಂದು ಊರಿನಲ್ಲಿ. ಅಲ್ಲಿ ಮನೆಯವರು ಇಲ್ಲದಾಗ ಅವರ ಗೇಟಿನ ಮುಂದಿನ ಇಂಟರ್‌ಲಾಕ್ ಕಲ್ಲು ಕಿತ್ತಿದ್ದೆವು. ಮಸ್ಕತ್ತಿನಿಂದ ಬಂದ ಯಜಮಾನ ಪೊಲೀಸರಿಗೆ ಫೋನ್ ಮಾಡಿದ. ಅರ್ಧ ದಿನ ಠಾಣೆಯಲ್ಲಿ ಕೂತೆ. ಅಂದಿನಿಂದ ಯಾವ ಗಲ್ಲಿಗೆ ಹೋದರೂ ಬೆಳಿಗ್ಗೆ ಒಂದು ಸುತ್ತು ನಡೆದು, ಗೇಟಿನ ಮೇಲಿನ ನಂಬರ್ ಬರೆದು, ತೆರೆದಿದ್ದರೆ ಸೊನ್ನೆ, ಬೀಗ ಇದ್ದರೆ ಕಾಟು ಹಾಕುತ್ತಿದ್ದೆ. ಪುಟದ ತಲೆಗೆ ತಾರೀಖು ಮತ್ತು ವಾರ. ಆ ಸಣ್ಣ ಪುಸ್ತಕ ಸದಾ ನನ್ನ ಪ್ಯಾಂಟಿನ ಹಿಂದಿನ ಕಿಸೆಯಲ್ಲಿ ಇರುತ್ತಿತ್ತು. ಬೆವರಿಗೆ ಊದಿಕೊಂಡಿತ್ತು. ನಾನು ಹೇಳಬೇಕಾದದ್ದೆಲ್ಲ ಆ ಪುಸ್ತಕದ ವಿಷಯವೇ.

ಈ ಕೆಲಸ ಒಮಾನಿನ ನಿಜ್ವಾ ಪಟ್ಟಣದಿಂದ ಮುಕ್ಕಾಲು ಗಂಟೆ ಒಳನಾಡಿನ ಒಂದು ಊರಿನಲ್ಲಿ. ಊರಿಗೆ ಹೋಗಬೇಕಾದರೆ ಒಂದು ವಾದಿ ದಾಟಬೇಕು; ವರ್ಷಕ್ಕೆ ಒಂದೆರಡು ಸಲ ಮಾತ್ರ ನೀರು ಹರಿಯುವ ಅಗಲವಾದ ಕಲ್ಲು ಹಳ್ಳ. ಆಚೆ ಖರ್ಜೂರದ ತೋಟ, ತೋಟದ ಆಚೆ ಸರ್ಕಾರ ಕೊಟ್ಟ ಜಾಗದಲ್ಲಿ ಎತ್ತರದ ಗೋಡೆಗಳ ಹೊಸ ಮನೆಗಳು. ಏಳು ಗಲ್ಲಿ, ಇನ್ನೂರಾ ಹತ್ತು ಮನೆ.

ನಮ್ಮ ಕಂಪನಿ ಸಣ್ಣದು. ಮಸ್ಕತ್ತಿನ ವಾದಿ ಅದಾಯ್ ಬಡಾವಣೆಯಲ್ಲಿ ಕೆಳಗೆ ವರ್ಕ್‌ಶಾಪ್, ಮೇಲೆ ಆಫೀಸು. ಅಲ್ಲಿಯತನಕ ನಾವು ಮೀಟರಿಗೆ ಇಷ್ಟು ಎಂದು ಕೂಲಿ ತೆಗೆದುಕೊಂಡು ಅಗೆದು ಬರುತ್ತಿದ್ದೆವು. ಈ ಸಲ ನಮ್ಮ ಮ್ಯಾನೇಜರ್ ಬೇರೆ ಥರದ ಒಪ್ಪಂದ ತಂದರು. ಅಗೆಯುವ, ಕೇಬಲ್ ಹಾಕುವ ಖರ್ಚೆಲ್ಲ ನಮ್ಮದೇ. ನೆಟ್‌ವರ್ಕ್ ನಡೆಸುವ ದೊಡ್ಡ ಕಂಪನಿ, ಹಸಿರು ದೀಪ ಹತ್ತಿದ ಪ್ರತಿ ಮನೆಗೂ ತಿಂಗಳಿಗೆ ಇಷ್ಟು ಎಂದು ಹತ್ತು ವರ್ಷ ನಮಗೆ ಕೊಡುತ್ತದೆ. ದೀಪ ಹತ್ತದ ಮನೆಗೆ ಏನೂ ಇಲ್ಲ. ಖರ್ಚು ಗಲ್ಲಿಯ ಎಲ್ಲಾ ಮನೆಗಳ ಮುಂದೆಯೂ ಆಗುತ್ತದೆ, ಗಳಿಕೆ ಮಾತ್ರ ಸಂಪರ್ಕ ತೆಗೆದುಕೊಂಡ ಮನೆಗಳಿಂದ ಬರುತ್ತದೆ. ಹಾಗಾಗಿ ಮೊದಲ ಬಾರಿಗೆ ಒಂದು ಯೋಜನೆ ಬೇಕಾಯಿತು, ಯೋಜನೆ ಮಾಡಲು ಒಬ್ಬ ಎಂಜಿನಿಯರ್ ಬೇಕಾಯಿತು. ಮ್ಯಾನೇಜರ್ ನನ್ನ ತಮ್ಮನನ್ನು ಕರೆಸಿಕೊಂಡರು.

ನಾವು ಗದಗದ ಕಡೆಯವರು. ತಮ್ಮ ನನಗಿಂತ ಆರು ವರ್ಷ ಚಿಕ್ಕವನು, ಬಿ.ಇ. ಮಾಡಿದವನು. ಅವನನ್ನು ಓದಿಸಲಿಕ್ಕಾಗಿ ನಾನು ಶಾಲೆ ಬಿಟ್ಟೆ ಎಂದು, ನಮ್ಮ ತಂಡ ಉಳಿಯುವ ಕ್ಯಾಂಪಿನಲ್ಲಿ ಎಲ್ಲರಿಗೂ ಹೇಳಿದ್ದೆ. ಅದು ಸುಳ್ಳು. ಎಂಟನೆಯ ಇಯತ್ತೆಯ ಗಣಿತ ಎರಡು ಸಲ ಕೂತರೂ ಪಾಸಾಗಲಿಲ್ಲ, ಬಿಟ್ಟೆ.

ಮೊದಲು ಖರ್ಚಿನ ಹಾಳೆ. ಚಳಿಗಾಲದ ಹೊತ್ತು. ಅದಾಗಲೇ ನಾನು ಒಂದೂವರೆ ತಿಂಗಳಿಂದ ಊರಲ್ಲಿ ಪರೀಕ್ಷೆಯ ಗುಂಡಿ ತೋಡಿಸುತ್ತಿದ್ದೆ. ತಮ್ಮ ಬಂದ ಮೇಲೆ ಇಬ್ಬರೂ ಅಳತೆಯ ಚಕ್ರ ಉರುಳಿಸಿಕೊಂಡು ಏಳೂ ಗಲ್ಲಿ ನಡೆದೆವು. ಅವನು ಕೇಳುತ್ತಿದ್ದ, ನಾನು ಹೇಳುತ್ತಿದ್ದೆ. ಇಲ್ಲಿ ಸಡಿಲ ಜಲ್ಲಿ, ದಿನಕ್ಕೆ ಇಷ್ಟು ಮೀಟರ್ ಆಗುತ್ತದೆ. ಇಲ್ಲಿಂದ ಒಂದಡಿ ಕೆಳಗೇ ಬಂಡೆ, ಯಂತ್ರ ಬೇಕು. ವಾದಿ ದಾಟುವಲ್ಲಿ ಪೈಪನ್ನು ಆಳಕ್ಕೆ ಇಳಿಸಿ ಕಾಂಕ್ರೀಟ್ ಹೊದೆಸಬೇಕು, ಇಲ್ಲವಾದರೆ ಮೊದಲ ನೆರೆಗೇ ಕಿತ್ತು ಹೋಗುತ್ತದೆ. ತೋಟಕ್ಕೆ ನೀರು ತರುವ ಹಳೆಯ ಕಲ್ಲು ಕಾಲುವೆ, ಫಲಜ್, ದಾಟುವಲ್ಲಿ ಯಂತ್ರ ಮುಟ್ಟಿಸುವಂತಿಲ್ಲ, ಕೈಯಿಂದಲೇ ಅಗೆಯಬೇಕು, ಅದರ ಹಿರಿಯನ ಒಪ್ಪಿಗೆ ಬೇಕು. ತಮ್ಮ ಎಲ್ಲವನ್ನೂ ಲ್ಯಾಪ್‌ಟಾಪಿಗೆ ಹಾಕಿದ. ಆಫೀಸಿನಲ್ಲಿ ಮ್ಯಾನೇಜರ್ ಮುಂದೆ, "ಖರ್ಚಿನ ಹಾಳೆ ಪೂರ್ತಿ ನಮ್ಮ ಅಣ್ಣಂದರೀ" ಎಂದ.

ಮ್ಯಾನೇಜರ್ ಮಂಗಳೂರು ಕಡೆಯ ಬ್ಯಾರಿ. ಮಾತು ಜಾಸ್ತಿ, ಕೆಟ್ಟವರಲ್ಲ. "ಹೌದಾ? ನೆಲ ಗೊತ್ತುಂಟು ಇವನಿಗೆ. ಆದ್ರೆ ಕೂಡಿಸುದು ಕಳೆಯುದು ನೀವೇ ಮಾಡಿ ಹಾಂ ಎಂಜಿನಿಯರ್ರೇ. ನೀವು ಕೂತ್ಕೊಳ್ಳಿ. ಏಯ್, ನೀನು ಹೋಗಿ ಎರಡು ಚಾಯಕ್ಕೆ ಹೇಳಿ ಬಾ ಮಾರಾಯ."

ಎಂಟು ವರ್ಷದಿಂದ ಅವರು ನನ್ನನ್ನು 'ನೀನು' ಎಂದೇ ಕರೆಯುತ್ತಿದ್ದರು. ನನಗೆ ಅದು ಕೇಳಿಸುತ್ತಲೂ ಇರಲಿಲ್ಲ. ತಮ್ಮನಿಗೆ ಮೊದಲ ದಿನದಿಂದ 'ನೀವು'. ಆಮೇಲೆ ನನಗೆ ಎರಡೂ ಕೇಳಿಸತೊಡಗಿತು. ಚಹಾ ಎರಡಕ್ಕೇ ಹೇಳಿ, ನಾನು ಕೆಳಗೆ ವರ್ಕ್‌ಶಾಪಿನಲ್ಲಿ ನಿಂತುಕೊಂಡೆ.

ಇಂಥ ಸಣ್ಣ ಸಣ್ಣವು ಸೇರುತ್ತಾ ಹೋದವು. ತಮ್ಮ ಕ್ಯಾಂಪಿಗೆ ಬಂದ ದಿನಗಳಲ್ಲಿ ಅಡುಗೆಯವನು ಅವನೊಬ್ಬನಿಗೆ ಮೊಟ್ಟೆ ಹುರಿಯುತ್ತಿದ್ದ. ನನ್ನ ಜನ ಅವನು ಒಳಗೆ ಬಂದರೆ ಎದ್ದು ನಿಲ್ಲುತ್ತಿದ್ದರು. ನಾನು ಬಂದರೆ ಕಾಲು ಸರಿಸುತ್ತಿದ್ದರು, ಅಷ್ಟೇ. ಊರಿನಿಂದ ಅವ್ವ ನನಗೆ ಫೋನ್ ಮಾಡಿ, "ಅಂವಾ ಉಂಡಾನೇನು?" ಎಂದು ಕೇಳುತ್ತಿದ್ದಳು. ಸೈಟಿನಲ್ಲಿ ನನಗೆ ಹಳದಿ ಹೆಲ್ಮೆಟ್, ಎಂಜಿನಿಯರಿಗೆ ಬಿಳಿದು. ಒಂದು ದಿನ ಅವನು ಪಿಕಪ್ಪಿನಲ್ಲಿ ಬಿಟ್ಟುಹೋಗಿದ್ದ ಹೆಲ್ಮೆಟನ್ನು ತಲೆಗೆ ಹಾಕಿಕೊಂಡು ಕನ್ನಡಿಯಲ್ಲಿ ನೋಡಿಕೊಂಡೆ. ಸಡಿಲ ಮಾಡುವ, ಬಿಗಿ ಮಾಡುವ ಅಗತ್ಯವೇ ಬೀಳಲಿಲ್ಲ. ನನಗೆ ಅಳತೆ ತೆಗೆದು ಮಾಡಿದಂತೆ ಕೂತಿತು. ಅದಕ್ಕೇ ಹೊಟ್ಟೆ ಉರಿಯಿತು.

ಆಮೇಲೆ ಗಳಿಕೆಯ ಹಾಳೆ. ಎಷ್ಟು ಮನೆಯವರು ಸಂಪರ್ಕ ತೆಗೆದುಕೊಳ್ಳುತ್ತಾರೆ ಎನ್ನುವುದರ ಮೇಲೆ ಎಲ್ಲಾ ನಿಂತಿತ್ತು. ಇದಕ್ಕೆ ಅವನು ನನ್ನನ್ನು ಕರೆಯಲಿಲ್ಲ. ಮನೆ ಮನೆಗೆ ಹೋಗಿ ಇಂಗ್ಲಿಷಿನಲ್ಲಿ, ಅರೆಬರೆ ಅರಬಿಯಲ್ಲಿ ಕೇಳಿ ಬರೆದುಕೊಳ್ಳುವ ಕೆಲಸ. ಅವನು ಆರಿಸಿಕೊಂಡದ್ದು ಶುಕ್ರವಾರ ಮತ್ತು ಶನಿವಾರ. ಆಲೋಚಿಸಿಯೇ ಆರಿಸಿಕೊಂಡಿದ್ದ. ರಜೆಯ ದಿನ ಜನ ಮನೆಯಲ್ಲಿ ಇರುತ್ತಾರೆ. ಕೆಲಸದ ದಿನ ಹೋದರೆ ಯಜಮಾನ ಸಿಗುವುದಿಲ್ಲ. ಯಾರಾದರೂ ಹಾಗೆಯೇ ಮಾಡುತ್ತಿದ್ದರು.

ಮೊದಲ ಶುಕ್ರವಾರ ನಾನು ಕ್ಯಾಂಪಿನಲ್ಲಿ ಬಟ್ಟೆ ಒಗೆಯುತ್ತಿದ್ದೆ. ಅವನು ಖುಷಿಯಲ್ಲಿ ಬಂದ. "ಊರು ತುಂಬಿ ತುಳಕ್ಯಾಡಾಕತ್ತೈತಿ ಅಣ್ಣಾ! ಒಂದೊಂದು ಮನಿ ಮುಂದ ಮೂರ್ ಮೂರು ಕಾರು. ಹುಡುಗೂರು ಗ್ವಾಡಿಗೆ ಆತುಕೊಂಡು ಮೊಬೈಲ್ ಹಿಡಕೊಂಡು ಕುಂತಾವು, ಸಿಗ್ನಲ್ ಸಾಲಂಗಿಲ್ಲ ಅಂತಾವು. ಎಲ್ಲಾರೂ ಬೇಕು ಅಂತಾರ."

ನಾನು ಅಂಗಿ ಹಿಂಡುತ್ತಾ ನಿಂತೆ. ಆ ಊರನ್ನು ನಾನು ಭಾನುವಾರ ನೋಡಿದ್ದೆ, ಮಂಗಳವಾರ ನೋಡಿದ್ದೆ, ಬುಧವಾರ ನೋಡಿದ್ದೆ. ಗಂಡಸರು ಮಸ್ಕತ್ತಿನಲ್ಲಿ, ಕಚೇರಿಗಳಲ್ಲಿ, ಸೈನ್ಯದಲ್ಲಿ ಕೆಲಸ ಮಾಡುವವರು. ಹೆಂಡತಿ ಮಕ್ಕಳೂ ಅಲ್ಲೇ ಬಾಡಿಗೆ ಮನೆಯಲ್ಲಿ. ಗುರುವಾರ ಸಂಜೆ ಊರಿಗೆ ಬರುತ್ತಾರೆ, ಶನಿವಾರ ಸಂಜೆ ಬೀಗ ಹಾಕಿ ಹೋಗುತ್ತಾರೆ. ಭಾನುವಾರ ಬೆಳಿಗ್ಗೆ ಕೆಲವು ಗಲ್ಲಿಗಳಲ್ಲಿ ಬೆಕ್ಕುಗಳನ್ನು ಬಿಟ್ಟರೆ ನನ್ನ ಜನರೇ ಇರುತ್ತಿದ್ದದ್ದು. ನಾಲ್ಕನೆಯ ಗಲ್ಲಿಯಲ್ಲಿ ಒಬ್ಬ ಮುದುಕರಿದ್ದರು, ಒಮಾನಿ, ವಾರವಿಡೀ ಊರಲ್ಲೇ ಇರುವವರು. ಅಕ್ಕಪಕ್ಕದ ಮನೆಗಳ ಬೀಗದ ಕೈಗಳನ್ನು ಒಂದು ಹಗ್ಗಕ್ಕೆ ಪೋಣಿಸಿ ಇಟ್ಟುಕೊಂಡು, ಗಿಡಗಳಿಗೆ ನೀರು ಬಿಡುತ್ತಿದ್ದರು. ನನಗೆ ಖರ್ಜೂರ, ಕಹ್ವಾ ಎನ್ನುವ ಅವರ ಕಾಫಿ ಕೊಡುತ್ತಾ, ಹಿಂದಿಯಲ್ಲಿ ಹೇಳಿದ್ದರು: "ಎರಡು ದಿನ ಊರು. ಐದು ದಿನ ನಾನು ಮತ್ತು ಈ ಹಗ್ಗ."

ನಾಲ್ಕು ವಾರ ತಮ್ಮ ಶುಕ್ರವಾರ ಶನಿವಾರಗಳಲ್ಲಿ ಸುತ್ತಿದ. ಕೊನೆಯ ಶನಿವಾರ ಸಂಜೆ ಕ್ಯಾಂಪಿನ ಮುಂದೆ ಕುರ್ಚಿ ಹಾಕಿಕೊಂಡು ಕೂತೆವು.

"ಇನ್ನೂರಾ ಹತ್ತರಾಗ ನೂರೈವತ್ತು ಮನಿ ಹೂಂ ಅಂದಾವು ಅಣ್ಣಾ."

"ಹೌದಾ?"

"ನೂರು ಬಂದ್ರ ಸಾಕು ಅಂದಿದ್ರು ಸಾಹೇಬ್ರು. ಹಿಂಗಾದ್ರ ಹಾಕಿದ ರೊಕ್ಕ ಮೂರು ವರ್ಷದಾಗ ತಿರುಗಿ ಬರ್ತೈತಿ. ಆಮೇಲೆ ಬರೋದೆಲ್ಲಾ ಲಾಭ." ಅವನು ಲ್ಯಾಪ್‌ಟಾಪ್ ನನ್ನ ಕಡೆಗೆ ತಿರುಗಿಸಿದ. ಹಸಿರು ಬಣ್ಣದ ಗೆರೆಯೊಂದು ಮೇಲಕ್ಕೆ ಏರುತ್ತಿತ್ತು. "ನೀ ದಿನಾ ಇಲ್ಲೇ ಇರಾವ. ನಾ ಏನರ ಬಿಟ್ಟೇನೇನು, ನೋಡು."

ಪುಸ್ತಕ ಹಿಂದಿನ ಕಿಸೆಯಲ್ಲಿತ್ತು. ಪ್ಲಾಸ್ಟಿಕ್ ಕುರ್ಚಿಗೂ ನನಗೂ ನಡುವೆ ಒತ್ತುತ್ತಿತ್ತು. ತೆಗೆದು ಅವನ ಮುಂದೆ ಇಡುವುದು ಅರ್ಧ ನಿಮಿಷದ ಕೆಲಸ. ಅವನು ಕೇಳದೇ ಇದ್ದಿದ್ದರೆ ನನಗೆ ಇವತ್ತು ಒಂದು ನೆವ ಇರುತ್ತಿತ್ತು. ಅವನು ಕೇಳಿದ.

"ನಿನಗ ತಿಳೀಲಾರದ್ದು ನನಗೇನ ತಿಳೀತೈತೋ? ನಾ ಮಣ್ಣು ಅಗಿಸಾವ," ಎಂದೆ.

ಅವನು ನಕ್ಕ. ತಮಾಷೆ ಮಾಡಿದೆ ಎಂದುಕೊಂಡ.

ಒಪ್ಪಿಗೆಯ ಸಭೆ ಮಸ್ಕತ್ತಿನ ಖುರುಮ್‌ನಲ್ಲಿ, ದೊಡ್ಡ ಕಂಪನಿಯ ಆಫೀಸಿನಲ್ಲಿ. ನಕ್ಷೆಗಳ ಸುರುಳಿ ಹೊತ್ತುಕೊಂಡು ಬರಲು ಮ್ಯಾನೇಜರ್ ನನ್ನನ್ನೂ ಕರೆದುಕೊಂಡು ಹೋಗಿದ್ದರು. ನಾನು ಗಾಜಿನ ಗೋಡೆಯ ಹೊರಗೆ ಕೂತಿದ್ದೆ. ಒಳಗೆ ತಮ್ಮ ಪರದೆಯ ಮುಂದೆ ನಿಂತು ವಿವರಿಸುತ್ತಿದ್ದ. ನಡುವೆ ಯಾರೋ ಏನೋ ಕೇಳಿದರು. ಅವನು ತಿರುಗಿ ಗಾಜಿನಾಚೆಗೆ ಕೈ ಮಾಡಿ ನನ್ನನ್ನು ತೋರಿಸಿದ. ಎಲ್ಲರೂ ನನ್ನ ಕಡೆ ನೋಡಿದರು. ಏನೂ ತಿಳಿಯದೆ ನಾನು ಎದ್ದು ನಿಂತೆ. ವಾದಿ ದಾಟಿಸುವ ಉಪಾಯ ನನ್ನದು ಎಂದು ಅವನು ಹೇಳಿದ್ದನಂತೆ, ಆಮೇಲೆ ಕಾರಿನಲ್ಲಿ ತಿಳಿಯಿತು. ನನಗೆ ಮಾತ್ರ ಸಂತೆಯಲ್ಲಿ ಎತ್ತು ತೋರಿಸಿದ ಹಾಗೆ ಅನಿಸಿತ್ತು. ಅವನು ಹೊಗಳಿದರೂ ನನಗೆ ಉರಿ, ಮರೆತರೂ ಉರಿ. ಆಗ ಅದು ನನಗೆ ತಿಳಿಯಲಿಲ್ಲ. ತಪ್ಪೆಲ್ಲ ಅವನದೇ ಎಂದುಕೊಂಡಿದ್ದೆ.

ಸಹಿ ಆಯಿತು. ಕೆಲಸ ಸುರುವಾಯಿತು. ಮೊದಲು ಹೆದ್ದಾರಿಯಿಂದ ಊರಿನವರೆಗೆ ಮುಖ್ಯ ಪೈಪು. ಅದರಲ್ಲೇ ವಾದಿ ಬರುತ್ತದೆ; ಎಲ್ಲಕ್ಕಿಂತ ಹೆಚ್ಚು ಖರ್ಚಿನ ಭಾಗ ಅದೇ. ಆ ಕೆಲಸವನ್ನು ನಾನು ನನ್ನ ಬದುಕಿನಲ್ಲೇ ಎಲ್ಲಕ್ಕಿಂತ ಚೆನ್ನಾಗಿ ಮಾಡಿದೆ. ಆಳ ಒಂದು ಬೆರಳು ಕಡಿಮೆಯಾಗದಂತೆ, ಪೈಪಿನ ಕೆಳಗೆ ಜರಡಿ ಹಿಡಿದ ಮರಳು, ಮೇಲೆ ಎಚ್ಚರಿಕೆಯ ಪಟ್ಟಿ, ಗುಣಮಟ್ಟ ನೋಡಲು ಬಂದವರು ಒಂದು ಮಾತೂ ಆಡದಂತೆ. ಅದು ನಿಷ್ಠೆಯಲ್ಲ. ನನ್ನ ಕಡೆ ಒಂದೇ ಒಂದು ತಪ್ಪೂ ಇರಬಾರದು, ಇದ್ದರೆ ಅವನ ಹಾಳೆಯಲ್ಲಿ ಮಾತ್ರ ಇರಬೇಕು ಎಂಬ ಹಟ.

ಬೆಳಗಿನ ಸುತ್ತು ತಪ್ಪಿಸಲಿಲ್ಲ. ಸೊನ್ನೆ, ಕಾಟು, ಕಾಟು, ಕಾಟು. ಹೇಳಬೇಕು ಎಂದು ಅನ್ನಿಸಲೇ ಇಲ್ಲ ಎಂದರೆ ಅದೂ ಸುಳ್ಳಾಗುತ್ತದೆ. ಸಹಿಗೆ ಮೊದಲು ಹೇಳಿದ್ದರೆ ಹಾಳೆಯ ಮೇಲೆ ಒಂದು ಅಂಕಿ ಬದಲಾಗುತ್ತಿತ್ತು. ಅಗೆತದ ಮೊದಲ ವಾರ ಹೇಳಿದ್ದರೆ ಒಂದಿಷ್ಟು ಮಣ್ಣು ಮುಚ್ಚಬೇಕಾಗುತ್ತಿತ್ತು. ಒಂದೊಂದು ದಿನ ಹೋದ ಹಾಗೂ ಹೇಳುವುದು ತುಟ್ಟಿಯಾಗುತ್ತಾ ಬಂತು. ಅಷ್ಟು ಲೆಕ್ಕ ಎಂಟನೆಯ ಇಯತ್ತೆ ಫೇಲಾದವನಿಗೂ ಬರುತ್ತದೆ.

ಮೊದಲ ಗಲ್ಲಿ ಮುಗಿಯಿತು. ಎರಡು ಮತ್ತು ಮೂರು ಅಗೆದು ಪೈಪು ಹಾಕಿ ಮುಚ್ಚಿಯಾಗಿತ್ತು. ಮೊದಲ ಗಲ್ಲಿಯಲ್ಲಿ ಮೂವತ್ತನಾಲ್ಕು ಮನೆ. ತಮ್ಮನ ಹಾಳೆಯ ಪ್ರಕಾರ ಇಪ್ಪತ್ತನಾಲ್ಕು ದೀಪ ಹತ್ತಬೇಕು. ದೊಡ್ಡ ಕಂಪನಿಯ ಮಾರಾಟದವರು ಫಾರಂ ಹಿಡಿದು ಹೋದರು. ಒಂಬತ್ತು ಮನೆ ಸಹಿ ಹಾಕಿದವು. ಉಳಿದವರು ಮರ್ಯಾದೆಯಿಂದ ಕೂರಿಸಿ, ಹಣ್ಣು ಕೊಟ್ಟು, ಕಾರಿನಲ್ಲಿ ತಂದಿದ್ದ ಸಣ್ಣ ರೂಟರ್ ತೋರಿಸಿದರಂತೆ. ಮಸ್ಕತ್ತಿನ ಮನೆಯಿಂದ ಬರುವಾಗ ಇದನ್ನೇ ತರುತ್ತೇವೆ, ಎರಡು ದಿನಕ್ಕೆ ಇದು ಸಾಕು, ತಿಂಗಳಿಡೀ ಇನ್ನೊಂದಕ್ಕೆ ಯಾಕೆ ದುಡ್ಡು ಕೊಡಬೇಕು ಎಂದರಂತೆ.

ಬೇಸಿಗೆ ಹಿಡಿಯುವ ಹೊತ್ತಿಗೆ, ಒಂದು ಬುಧವಾರ, ಮ್ಯಾನೇಜರ್ ತಮ್ಮನನ್ನು ಕರೆದುಕೊಂಡು ಊರಿಗೆ ಬಂದರು. ಗಲ್ಲಿಯ ನಡುವೆ ನಿಂತು, ನನ್ನ ಜನರ ಮುಂದೆಯೇ ಬೈದರು.

"ಎಂತ ಮಾರಾಯ ಇದು? ಇಪ್ಪತ್ತನಾಲ್ಕು ಹೇಳಿದ್ದು ನೀನು. ಒಂಬತ್ತು ಬಂದದ್ದು. ಉಳಿದ ಹದಿನೈದು ಮನೆಯವರು ಎಲ್ಲಿ, ನಿನ್ನ ಲ್ಯಾಪ್‌ಟಾಪಿನ ಒಳಗೆ ಕೂತಿದ್ದಾರಾ?"

'ನೀವು' ಹೋಗಿ 'ನೀನು' ಬಂದಿತ್ತು. ತಮ್ಮ ಗಮನಿಸಿದನೋ ಇಲ್ಲವೋ, ನಾನು ಗಮನಿಸಿದೆ. ಒಳಗೆ ಏನೋ ತಣ್ಣಗಾಯಿತು. ಅವನು ಹೆಲ್ಮೆಟ್ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ. "ಸರ್, ಎಲ್ಲಾರೂ ಹೂಂ ಅಂದಿದ್ರು. ನಾ ಎದುರಿಗೆ ನಿಂತು ಕೇಳೇನಿ," ಎಂದಷ್ಟೇ ಹೇಳುತ್ತಿದ್ದ.

ಆಗ ನಾನು ಬಾಯಿ ಬಿಟ್ಟೆ. "ಸಾಹೇಬ್ರ, ಇವತ್ತ ಬುಧವಾರ. ನನ್ನ ಜೋಡಿ ಗಲ್ಲಿ ತುದಿ ತನಕ ಬರ್ರಿ."

ಒಂದೊಂದೇ ಗೇಟು ತೋರಿಸಿದೆ. ಬೀಗ. ಗೇಟಿನ ಮುಂದೆ ಗಾಳಿ ತಂದು ಹಾಕಿದ ಮರಳಿನ ಮೇಲೆ ಟಯರಿನ ಗುರುತೇ ಇಲ್ಲ. ಏಸಿಯ ನೀರು ಬಿದ್ದು ಗೋಡೆಯ ಬುಡ ಒದ್ದೆಯಾಗಿರಬೇಕಿತ್ತು, ಒಣಗಿದೆ. ಮೂಲೆಯ ಕಸದ ಡಬ್ಬಿ ಖಾಲಿ. ಮೂವತ್ತನಾಲ್ಕರಲ್ಲಿ ಇಪ್ಪತ್ತೊಂದು ಗೇಟಿಗೆ ಬೀಗ. "ಇವ್ರು ಬರೋದು ಗುರುವಾರ ಸಂಜೀಕ. ತಮ್ಮ ಬಂದು ಕೇಳಿದ್ದು ಶುಕ್ರವಾರ, ಶನಿವಾರ," ಎಂದೆ.

ಮ್ಯಾನೇಜರ್ ಹತ್ತಿರದ ಒಂದು ಬೀಗವನ್ನು ಕೈಯಿಂದ ಎಳೆದು ನೋಡಿದರು. ಆಮೇಲೆ ನನ್ನ ಬೆನ್ನು ತಟ್ಟಿದರು. "ನೋಡು, ಎಂಟನೇ ಕ್ಲಾಸಿನವನಿಗೆ ಕಂಡದ್ದು ಬಿ.ಇ. ಮಾಡಿದವನಿಗೆ ಕಾಣ್ಲಿಲ್ಲ! ಯಾವಾಗ ಗೊತ್ತಾದದ್ದು ಮಾರಾಯ ನಿನಗೆ?"

"ಈಗ ಎರಡು ವಾರದಾಗ ಸಾಹೇಬ್ರ."

ಒಂದು ಕ್ಷಣವೂ ತಡವರಿಸದೆ ಹೇಳಿದೆ. ಅವರು ಕಾರಿನಿಂದ ತಮಗೆಂದು ಇಟ್ಟಿದ್ದ ತಣ್ಣನೆಯ ನೀರಿನ ಬಾಟಲಿ ತರಿಸಿ ನನಗೆ ಕೊಟ್ಟರು. ತಮ್ಮನಿಗೆ ಕೊಡಲಿಲ್ಲ. ನಾನು ಪೂರ್ತಿ ಕುಡಿದೆ.

ಅವತ್ತೇ ಅಗೆತ ನಿಂತಿತು. ತಮ್ಮನಿಗೆ ಹತ್ತು ದಿನದ ಗಡುವು. "ಯಾವ ಗಲ್ಲಿಗೆ ಹೋಗುದು, ಯಾವುದು ಬಿಡುದು, ಹೊಸ ಹಾಳೆ ಮಾಡಿ ತೋರಿಸು. ದೊಡ್ಡ ಕಂಪನಿ ಒಪ್ಪಿದ್ರೆ ಸರಿ. ಇಲ್ಲದಿದ್ರೆ ಖಲಾಸ್. ಟಿಕೆಟ್ ನಾನೇ ತೆಗೆದು ಕೊಡ್ತೇನೆ," ಎಂದು ಹೇಳಿ ಹೋದರು.

ಕಾರು ಹೋದ ಮೇಲೆ ತಮ್ಮ ನನ್ನ ಹತ್ತಿರ ಬಂದು ಮುಂಗೈ ಹಿಡಿದುಕೊಂಡ. "ಅಣ್ಣಾ, ನೀ ಇರಲಿಲ್ಲಂದ್ರ ನಾ ಏಳೂ ಗಲ್ಲಿ ಅಗಿಸಿಬಿಡ್ತಿದ್ದೆ. ಛಲೋ ಹೊತ್ತಿನ್ಯಾಗ ನೋಡಿದಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಹಿಡಿತವನ್ನು ತಡೆದುಕೊಳ್ಳಲಾಗಲಿಲ್ಲ. ಕೈ ಬಿಡಿಸಿಕೊಂಡು ಯಂತ್ರಕ್ಕೆ ಹೊದಿಕೆ ಹಾಕುವ ನೆವ ಮಾಡಿ ಹೋದೆ.

ತಮ್ಮ ಕ್ಯಾಂಪಿನಲ್ಲೇ ಉಳಿದ. ಬೆಳಿಗ್ಗೆ ಸಂಜೆ ಏಳೂ ಗಲ್ಲಿ ಸುತ್ತಿ ಗೇಟುಗಳನ್ನು ಎಣಿಸತೊಡಗಿದ. ವಾರವಿಡೀ ಜನ ಇರುವ ಮನೆ ಯಾವುದು, ಒಂದೇ ಗೋಡೆಯೊಳಗೆ ಅಪ್ಪ ಮಕ್ಕಳ ಮೂರು ಮನೆ ಇದ್ದರೆ ಅಲ್ಲಿಗೆ ಒಂದೇ ಸಂಪರ್ಕ ಸಾಕಾದೀತೇ, ಯಾವ ಗಲ್ಲಿಯಲ್ಲಿ ಮುದುಕರು ಹೆಚ್ಚು. ಹೊಸ ಹಾಳೆ ಹಳೆಯದಕ್ಕಿಂತ ಚೆನ್ನಾಗಿಯೇ ಬರುತ್ತಿತ್ತು. ಆದರೆ ದೊಡ್ಡ ಕಂಪನಿಯವರು ಫೋನಿನಲ್ಲಿ ಒಪ್ಪಲಿಲ್ಲ. ಎರಡು ಮೂರು ವಾರದ ಎಣಿಕೆ ನಂಬಲಿಕ್ಕಾಗದು, ಶಾಲೆಯ ಪರೀಕ್ಷೆಯ ಕಾಲವಿರಬಹುದು, ಯಾರದೋ ಮದುವೆಗೆ ಹೋಗಿರಬಹುದು. ಚಳಿಗಾಲದಿಂದ ಬೇಸಿಗೆವರೆಗಿನ ಎಣಿಕೆ ಇದ್ದರೆ ಹೇಳಿ, ಇಲ್ಲವಾದರೆ ಇಡೀ ಊರನ್ನೇ ಕೈಬಿಡೋಣ ಎಂದರು.

"ಬರೇ ಎರಡು ವಾರದ್ದ ಐತೇನು ಅಣ್ಣಾ ನಿನ್ನ ಕಡೆ?" ತಮ್ಮ ಕೇಳಿದ. "ಅದಕ್ಕಿಂತ ಹಿಂದಿಂದು ಯಾರರ ನೋಡ್ಯಾರೇನು?"

"ವಿಚಾರ ಮಾಡಿ ಹೇಳ್ತೀನಿ," ಎಂದೆ.

ನಾನು ಮಾಡಿದ ವಿಚಾರವನ್ನೂ ಹೇಳಿಬಿಡುತ್ತೇನೆ. ಊರಿನ ಅಂಗಡಿಯಲ್ಲಿ ಒಂದು ಹೊಸ ಪುಸ್ತಕ ಕೊಂಡೆ. ಹಳೆಯದರಲ್ಲಿ ಆರು ತಿಂಗಳ ಕಾಟು ಸೊನ್ನೆಗಳಿದ್ದವು. ತಮ್ಮನ ಸರ್ವೆ ಮುಗಿದ ಮೇಲಿನ ತಾರೀಖುಗಳನ್ನು ಮಾತ್ರ ಹೊಸದಕ್ಕೆ ಬರೆದು ಕೊಟ್ಟರೆ ಅವನ ಕೆಲಸವೂ ಆಗುತ್ತದೆ, ನನ್ನ ಮಾನವೂ ಉಳಿಯುತ್ತದೆ. ಎರಡು ವಾರ ಎಂದು ಮ್ಯಾನೇಜರಿಗೆ ಹೇಳಿದ್ದಕ್ಕೆ ಏನಾದರೂ ಸಮಜಾಯಿಷಿ ಕೊಡಬಹುದು. ಬೆಳಿಗ್ಗೆ ಪಿಕಪ್ಪಿನಲ್ಲಿ ಕೂತು ಒಂದು ಪುಟ ಬರೆದೆ. ಆದರೆ ಚಳಿಗಾಲ ಅದರಲ್ಲಿ ಇರುವುದಿಲ್ಲ. ಅವರು ಕೇಳುತ್ತಿದ್ದದ್ದು ಚಳಿಗಾಲವನ್ನೇ.

ಅದೇ ಬೆಳಿಗ್ಗೆ ನಾಲ್ಕನೆಯ ಗಲ್ಲಿಯ ಮುದುಕರು ಕರೆದರು. ಕೆಲಸ ಯಾಕೆ ನಿಂತಿತು ಎಂದು ಕೇಳಿದರು. ಹೇಳಿದೆ. ಅವರು ಬೀಗದ ಕೈಗಳ ಹಗ್ಗವನ್ನು ಬೆರಳಿಗೆ ಸುತ್ತುತ್ತಾ, "ಆ ಮುಹಂದಿಸ್ ನಿನ್ನ ತಮ್ಮನಲ್ಲವೇ?" ಎಂದರು. ಎಂಜಿನಿಯರಿಗೆ ಅವರು ಹಾಗೆ ಹೇಳುತ್ತಿದ್ದರು. "ನಾನು ನಿನಗೆ ಚಳಿಗಾಲದಲ್ಲೇ ಹೇಳಿದ್ದೆ. ನೀನು ಅವನಿಗೆ ಹೇಳಲಿಲ್ಲವೇ?"

ಕಹ್ವಾದ ಬಟ್ಟಲು ಕೆಳಗಿಟ್ಟು ಎದ್ದು ಬಂದೆ.

ಬೇಸಿಗೆಯಲ್ಲಿ ನಡುಹಗಲು ಹೊರಗೆ ಕೆಲಸ ಮಾಡಿಸುವಂತಿಲ್ಲ. ಅವತ್ತು ಆ ಹೊತ್ತಿನಲ್ಲಿ ತಮ್ಮ ಖರ್ಜೂರದ ತೋಟದ ನೆರಳಿಗೆ ಪಿಕಪ್ ಹಚ್ಚಿ, ಏಸಿ ಹಾಕಿಕೊಂಡು, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದ. ಗಡುವಿಗೆ ಎರಡು ದಿನ ಉಳಿದಿತ್ತು. ನಾನು ಪಕ್ಕದ ಸೀಟಿನಲ್ಲಿ ಕೂತು ಹಳೆಯ ಪುಸ್ತಕ ತೆಗೆದು ಕೊಟ್ಟೆ.

ಅವನು ನಡುವಿನ ಪುಟ ತೆರೆದ. ಕಣ್ಣು ಅರಳಿತು. "ಎಲ್ಲಾ ಐತಲ್ಲೋ ಅಣ್ಣಾ! ನಂಬರ್ ಸುದ್ಧಾ ಐತಿ. ವಾರಾ ಬರದೀದಿ." ಹಿಂದಕ್ಕೆ ತಿರುವುತ್ತಾ ಹೋದ. ಮೊದಲ ಪುಟಕ್ಕೆ ಬಂದು ತಾರೀಖು ನೋಡಿದ. ಎರಡ್ಮೂರು ಸಲ ನೋಡಿದ.

"ನಾ ಲ್ಯಾಪ್‌ಟಾಪ್ ತೋರಿಸಿ ಕೇಳಿದೆನಲ್ಲಾ, ಆವತ್ತ ಇದು ಎಲ್ಲಿತ್ತು?"

"ಹಿಂದಿನ ಕಿಸೇದಾಗ."

"ಅಲ್ಲೇ? ನೀ ಕುಂತಾಗ?"

"ಹೂಂ."

ಅವನು ಲ್ಯಾಪ್‌ಟಾಪ್ ಮುಚ್ಚಿದ. "ಯಾಕ?" ಎಂದ. ಜೋರಾಗಿ ಕೇಳಲಿಲ್ಲ. ಅಗೆಯುವಾಗ ಇಲ್ಲಿ ಯಾಕೆ ಬಂಡೆ ಬಂತು ಎಂದು ಕೇಳುವ ಹಾಗೆ ಕೇಳಿದ.

ಶಾಲೆ, ಅವ್ವ, ಮೊಟ್ಟೆ, ಹೆಲ್ಮೆಟ್, ಏನೇನೋ ಬಾಯಿಗೆ ಬಂತು. ಯಾವುದೂ ಕಾರಣವಾಗುವಷ್ಟು ದೊಡ್ಡದಾಗಿರಲಿಲ್ಲ. "ಹೊಟ್ಟಿಕಿಚ್ಚಪಾ," ಎಂದೆ. "ಮತ್ತೇನಿಲ್ಲ."

ಅವನು ಪುಸ್ತಕವನ್ನು ತೆರೆದ ಪುಟದಲ್ಲೇ ಡ್ಯಾಶ್‌ಬೋರ್ಡಿನ ಮೇಲೆ ಇಟ್ಟ. ಆಮೇಲೆ ಲ್ಯಾಪ್‌ಟಾಪಿನ ಮೇಲೆ ಕೈ ಇಟ್ಟು, "ತಾರೀಖು ಹಾಕಬೇಕಾಕ್ಕೈತಿ," ಎಂದ. "ತಾರೀಖಿಲ್ಲದ ಇದು ಸಾಕ್ಷಿ ಆಗಂಗಿಲ್ಲ. ಯಾರು ಎಣಿಸಿದ್ದು ಅಂತನೂ ಹಾಕಬೇಕು. ಸಾಹೇಬ್ರು ಓದ್ತಾರ. ಎರಡು ವಾರ ಅಂತ ನೀ ಹೇಳಿದ್ದು ಅವ್ರಿಗೆ ನೆನಪಿರ್ತೈತಿ." ನನ್ನ ಕಡೆ ತಿರುಗಿ, "ಮೊದಲನೇ ಒಂದೂವರೆ ತಿಂಗಳು ಬಿಡ್ಲೇನು? ಅದನ್ನ ಬಿಟ್ರೂ ಒಂದಿಷ್ಟು ಚಳಿಗಾಲ ಉಳೀತೈತಿ. ನನ್ನ ಸರ್ವೆ ಸುರು ಆದಾಗಿಂದ ನಾನ ನಿನಗ ಎಣಸಾಕ ಹಚ್ಚಿದ್ದೆ ಅಂತ ತೋರಸ್ತೀನಿ."

ಆ ಒಂದೂವರೆ ತಿಂಗಳಿದ್ದರೆ ಅವನ ಹಾಳೆ ಗಟ್ಟಿ. ಇಲ್ಲದಿದ್ದರೆ ಒಪ್ಪುತ್ತಾರೋ ಬಿಡುತ್ತಾರೋ ಹೇಳಲಿಕ್ಕಾಗದು. ಅಷ್ಟಾದರೂ ಅವನು ನನಗೊಂದು ದಾರಿ ಬಿಟ್ಟುಕೊಡುತ್ತಿದ್ದ. ಅವನ ಜಾಗದಲ್ಲಿ ನಾನಿದ್ದಿದ್ದರೆ ಬಿಡುತ್ತಿರಲಿಲ್ಲ ಎಂದು ನನಗೆ ಗೊತ್ತಿತ್ತು.

"ಪೂರ್ತಿ ಹಾಕು," ಎಂದೆ.

ಮಧ್ಯಾಹ್ನ ಮೂರೂವರೆಯ ತನಕ ನಾನು ಓದುತ್ತಾ ಹೋದೆ, ಅವನು ತುಂಬುತ್ತಾ ಹೋದ. ಗೇಟಿನ ನಂಬರ್, ತಾರೀಖು, ಸೊನ್ನೆ, ಕಾಟು.

ದೊಡ್ಡ ಕಂಪನಿ ಹೊಸ ಯೋಜನೆ ಒಪ್ಪಿತು. ನಾಲ್ಕು, ಆರು, ಮತ್ತು ಎರಡನೆಯ ಗಲ್ಲಿಯ ಅರ್ಧ. ಐದು, ಏಳು ಬಿಟ್ಟರು. ಮೂರನೆಯ ಗಲ್ಲಿಯಲ್ಲಿ ನಾವು ಹೂತ ಪೈಪು ಇವತ್ತಿಗೂ ಖಾಲಿ. ಅದರೊಳಗೆ ಕೇಬಲ್ ಎಳೆಯುವುದಿಲ್ಲ. ಹಾಕಿದ ಹಣ ಮೂರು ವರ್ಷದಲ್ಲಲ್ಲ, ಆರೇಳು ವರ್ಷದಲ್ಲಿ ಬರುತ್ತದಂತೆ. ತಮ್ಮನಿಗೆ ಟಿಕೆಟ್ ತೆಗೆಯಲಿಲ್ಲ.

ಮ್ಯಾನೇಜರ್ ನನ್ನನ್ನು ವಾದಿ ಅದಾಯ್‌ಗೆ ಕರೆಸಿದರು. ಮೇಜಿನ ಮೇಲೆ ಹಾಳೆ ಇತ್ತು. ನನ್ನ ಹೆಸರಿನ ಪಕ್ಕದ ತಾರೀಖಿನ ಕೆಳಗೆ ಪೆನ್ನಿನಿಂದ ಗೆರೆ ಎಳೆದಿದ್ದರು.

"ಕೂತ್ಕೊಳ್ಳಿ," ಎಂದರು. ಎಂಟು ವರ್ಷದಲ್ಲಿ ಮೊದಲ ಸಲ. "ನೀವು ಕಳ್ಳ ಅಲ್ಲ, ನನಗೆ ಗೊತ್ತುಂಟು. ಅಗೆತದಲ್ಲಿ ನಿಮ್ಮಷ್ಟು ಚಂದ ಮಾಡುವವರು ಇಲ್ಲ. ಆದ್ರೆ ಇನ್ನು ನೀವು ಎಂತ ಹೇಳಿದ್ರೂ ನಾನು ಇನ್ನೊಬ್ಬನ ಹತ್ರ ಕೇಳ್ಬೇಕಾಗ್ತದೆ. ಅಷ್ಟೇ. ಹೋಗಿ, ಕೆಲಸ ನೋಡಿ."

ನಾನು ಹೊಟ್ಟೆಕಿಚ್ಚುಪಟ್ಟ 'ನೀವು' ನನಗೆ ಸಿಕ್ಕಿತ್ತು. ಮೆಟ್ಟಿಲು ಇಳಿಯುವಾಗ ಹಳೆಯ 'ನೀನು' ಬೇಕಾಗಿತ್ತು ಅನಿಸಿತು.

ಈಗ ಬೇರೆ ಊರಿನ ಯೋಜನೆ ನಡೆದಿದೆ. ತಮ್ಮ ಬುಧವಾರ ಬರುತ್ತಾನೆ, ಶುಕ್ರವಾರವೂ ಬರುತ್ತಾನೆ. ಅಣ್ಣಾ ಎಂದೇ ಕರೆಯುತ್ತಾನೆ, ಜೊತೆಗೇ ಉಣ್ಣುತ್ತಾನೆ. ಗಲ್ಲಿಯ ಒಂದು ತುದಿಯಿಂದ ನಾನು ಎಣಿಸುತ್ತಾ ಬರುತ್ತೇನೆ, ನಡುವೆ ಇಬ್ಬರೂ ಸೇರುತ್ತೇವೆ, ನನ್ನ ಅಂಕಿ ಹೇಳುತ್ತೇನೆ. ಅವನು ತಲೆಯಾಡಿಸಿ ಬರೆದುಕೊಳ್ಳುತ್ತಾನೆ. ಆಮೇಲೆ ಅಲ್ಲಿಗೆ ನಿಲ್ಲದೆ, ನಾನು ಬಂದ ದಾರಿಯಲ್ಲೇ ಮುಂದೆ ಹೋಗಿ, ನಾನು ಎಣಿಸಿದ ಗೇಟುಗಳನ್ನೆಲ್ಲ ಇನ್ನೊಮ್ಮೆ ಎಣಿಸುತ್ತಾನೆ. ನಾನು ಬಿಸಿಲಿನಲ್ಲಿ ನಿಂತು ಕಾಯುತ್ತೇನೆ. ಅಂಕಿ ಇವತ್ತಿನವರೆಗೆ ಒಂದು ಸಲವೂ ತಪ್ಪಿಲ್ಲ. ಆದರೂ ಅವನು ಎಣಿಸುತ್ತಾನೆ. ಎಣಿಸಲಿ.